ಅಂಚು ಎದ್ದ ನಾಣ್ಯ ಸಿಕ್ಕಿದೆಯಾ? ಟಂಕಸಾಲೆಯ ತಪ್ಪೋ ಹೊರಗಿನ ಏಟೋ ಪತ್ತೆ ಮಾಡುವುದು ಹೀಗೆ

ಚಿಲ್ಲರೆಯಲ್ಲಿ ಬಂದ ಒಂದು ರೂಪಾಯಿ ಯಾಕೋ ಸರಿ ಕಾಣುತ್ತಿಲ್ಲ. ಅಂಚು ಒಂದು ಕಡೆ ದಪ್ಪಗಿದೆ, ಎದುರುಗಡೆ ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣಗಿದೆ. ಅಥವಾ ಬೆರಳು ಸವರಿದರೆ ಚುರುಕ್ಕನೆ ತಾಗುತ್ತದೆ. ಅಥವಾ ಅಂಚಿಗೆ ಒಂದು ಗಡ್ಡೆ ಬೆಳೆದು ಪಕ್ಕದ ಅಕ್ಷರವನ್ನೇ ನುಂಗಿದೆ. ಇಂಥದ್ದು ಕೈಗೆ ಬಂದ ತಕ್ಷಣ ಫೋಟೊ ತೆಗೆದು "ಇದಕ್ಕೆ ಎಷ್ಟು ಲಕ್ಷ ಸಿಗುತ್ತೆ?" ಅಂತ ಕೇಳುವವರೇ ಜಾಸ್ತಿ.

ಬೆಲೆ ಆಮೇಲೆ ನೋಡೋಣ. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಎದ್ದು ನಿಂತಿರುವ ಆ ಲೋಹ ಎಲ್ಲಿಂದ ಬಂತು?

ಯಾಕೆಂದರೆ ಅಚ್ಚು ಬೀಳುವ ಮುಂಚೆ ಬಿಲ್ಲೆಯಲ್ಲಿ ಎಷ್ಟು ಲೋಹ ಇತ್ತೋ, ಅಚ್ಚು ಬಿದ್ದ ಮೇಲೂ ಅಷ್ಟೇ ಇರುತ್ತದೆ. ಒಂದು ಕಡೆ ಏರಿದ್ದರೆ ಎಲ್ಲೋ ಇಳಿದಿರಲೇಬೇಕು. ಎಲ್ಲಿ ಇಳಿದಿದೆ ಅಂತ ಹುಡುಕಿದರೆ ಅರ್ಧ ಕೆಲಸ ಮುಗಿಯಿತು. ಟಂಕಸಾಲೆಯ ಪ್ರೆಸ್ಸು ಲೋಹವನ್ನು ಒಂದು ರೀತಿ ಸರಿಸುತ್ತದೆ, ಸುತ್ತಿಗೆ ಇನ್ನೊಂದು ರೀತಿ, ಬೆಸುಗೆ ಹಾಕುವವನು ಹೊಸದಾಗಿ ಲೋಹವನ್ನೇ ಸೇರಿಸುತ್ತಾನೆ. ಮೂರೂ ನಾಣ್ಯದ ಮೇಲೆ ಬೇರೆ ಬೇರೆ ಗುರುತು ಬಿಟ್ಟಿರುತ್ತವೆ.

ಮಾತಿನಲ್ಲಿ ಗೊಂದಲ ಆಗದಿರಲಿ ಅಂತ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಅಂಚು ಅಂದರೆ ನಾಣ್ಯದ ಮುಖದ ಮೇಲೆ ಸುತ್ತಲೂ ಎದ್ದಿರುವ ಏರು. ಬದಿ ಅಂದರೆ ನಾಣ್ಯವನ್ನು ನೆಟ್ಟಗೆ ನಿಲ್ಲಿಸಿದಾಗ ನೆಲಕ್ಕೆ ತಾಗುವ ಭಾಗ, ಕೆಲವು ನಾಣ್ಯಗಳಲ್ಲಿ ಹಲ್ಲುಹಲ್ಲಾಗಿ ಗೀರು ಇರುತ್ತಲ್ಲ, ಅದು.

ಟಂಕಸಾಲೆಯಲ್ಲಿ ಅಂಚು ಏಳುವುದು ಹೇಗೆ

ನಮ್ಮಲ್ಲಿ ನಾಣ್ಯ ತಯಾರಾಗುವುದು ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾದಲ್ಲಿ. ಮೈಸೂರಿನಲ್ಲಿರುವುದು ನೋಟಿನ ಪ್ರೆಸ್ಸು, ನಾಣ್ಯದ್ದಲ್ಲ. ಇದನ್ನು ಕೇಳುವವರು ಒಬ್ಬರಾದರೂ ಇದ್ದೇ ಇರುತ್ತಾರೆ, ಅದಕ್ಕೇ ಹೇಳಿದೆ.

ಲೋಹದ ಪಟ್ಟಿಯಿಂದ ದುಂಡನೆಯ ಬಿಲ್ಲೆ ಕತ್ತರಿಸುತ್ತಾರೆ. ಆಗ ಅದು ಎರಡೂ ಕಡೆ ಸಪಾಟಾಗಿರುತ್ತದೆ. ಆಮೇಲೆ ಅಪ್‌ಸೆಟ್ ಮಿಲ್ ಅನ್ನುವ ಯಂತ್ರಕ್ಕೆ ಹೋಗುತ್ತದೆ. ಅಲ್ಲಿ ತಿರುಗುವ ಚಕ್ರ ಒಂದು, ಅಲುಗಾಡದ ಬಾಗಿದ ಗೋಡೆ ಒಂದು, ಅವೆರಡರ ನಡುವಿನ ತೋಡಿನಲ್ಲಿ ಬಿಲ್ಲೆ ಉರುಳುತ್ತಾ ಹೋಗುತ್ತದೆ. ಮುಂದೆ ಮುಂದೆ ತೋಡು ಇಕ್ಕಟ್ಟಾಗುತ್ತದೆ. ಬದಿಯಿಂದ ಒತ್ತು ಬಿದ್ದು ಬಿಲ್ಲೆಯ ಅಡ್ಡಳತೆ ಸ್ವಲ್ಪ ಕಡಿಮೆಯಾಗುತ್ತದೆ, ಆ ಲೋಹವೇ ಸುತ್ತಲೂ ದಪ್ಪಗಾಗಿ ಏಳುತ್ತದೆ. ಅಚ್ಚು ಬೀಳುವ ಮುಂಚೆಯೇ ಅರ್ಧ ಅಂಚು ತಯಾರು. ಕೊನೆಗೆ ಅಚ್ಚು ಒತ್ತುವಾಗ ಲೋಹ ಅಂಚಿನವರೆಗೂ ತುಂಬಿಕೊಳ್ಳುವುದಕ್ಕೆ ಇದು ಬೇಕು. ನಾಣ್ಯ ಬಳಕೆಗೆ ಬಂದ ಮೇಲೆ ಸಿಂಹ, ಅಂಕಿ, ಅಕ್ಷರ ಬೇಗ ಸವೆಯದ ಹಾಗೆ ಕಾಯುವುದೂ ಇದೇ ಅಂಚು. ಒಂದರ ಮೇಲೊಂದು ಜೋಡಿಸಿಟ್ಟರೆ ಬೀಳದೆ ನಿಲ್ಲುವುದೂ ಇದರಿಂದಲೇ.

ಪ್ರೆಸ್ಸಿನಲ್ಲಿ ಮುಖ್ಯವಾದದ್ದು ಮೂರು: ಕೆಳಗಿನ ಅಚ್ಚು, ಮೇಲಿನ ಅಚ್ಚು, ಸುತ್ತಲೂ ಕಾಲರ್ ಅನ್ನುವ ಉಕ್ಕಿನ ಉಂಗುರ. ಬಿಲ್ಲೆ ಕಾಲರ್ ಒಳಗೆ ಕೂರುತ್ತದೆ, ಮೇಲಿನ ಅಚ್ಚು ಟಪ್ ಅಂತ ಬೀಳುತ್ತದೆ, ಲೋಹ ನಾಲ್ಕೂ ಕಡೆ ಹರಿಯಲು ನೋಡುತ್ತದೆ, ಕಾಲರ್ ತಡೆಯುತ್ತದೆ. ನಾಣ್ಯದ ಅಡ್ಡಳತೆ ನಿಖರವಾಗಿ ಬರುವುದು ಕಾಲರ್ ದೆಸೆಯಿಂದ. ಹಲ್ಲು ಬೇಕಿದ್ದರೆ ಹಲ್ಲು ಮೂಡುವುದೂ ಕಾಲರ್ ಒಳಮೈಯಲ್ಲಿರುವ ಗೀರುಗಳಿಂದ. ಅಂಚಿನ ತಪ್ಪುಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಯಾವುದೋ ಒಂದು ಕೈಕೊಟ್ಟಾಗ ಹುಟ್ಟುವಂಥವು.

ಕೈಯಲ್ಲಿ ಏನೇನು ಇರಬೇಕು

ದುಬಾರಿ ಸಾಮಾನು ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಗ್ರಾಮಿನ ನೂರನೇ ಒಂದು ಭಾಗದವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಒಂದು ಅಯಸ್ಕಾಂತ, ಒಂದು ಟಾರ್ಚು. ಫೋನಿನ ಟಾರ್ಚ್ ಆದರೂ ನಡೆಯುತ್ತದೆ, ಆದರೆ ನೇರ ಮೇಲಿನಿಂದ ಬೆಳಕು ಬಿಡಬೇಡಿ. ಪಕ್ಕದಿಂದ ಬಿಟ್ಟರೆ ಮಾತ್ರ ಏರು ತಗ್ಗು ನೆರಳಾಗಿ ಕಾಣುತ್ತದೆ.

ಇದೆಲ್ಲಕ್ಕಿಂತ ಮುಖ್ಯ, ಅದೇ ಬಗೆಯ, ಆದಷ್ಟೂ ಅದೇ ವರ್ಷದ, ಅದೇ ಟಂಕಸಾಲೆಯ ಸರಿಯಾದ ನಾಣ್ಯ ಇನ್ನೊಂದು. ಪಕ್ಕದಲ್ಲಿಟ್ಟು ನೋಡದೆ ಯಾವ ತೀರ್ಮಾನಕ್ಕೂ ಬರಬೇಡಿ. ಟಂಕಸಾಲೆ ಯಾವುದು ಅಂತ ಇಸವಿಯ ಕೆಳಗೆ ನೋಡಿ: ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕಿ ಇದ್ದರೆ ನೋಯ್ಡಾ, ವಜ್ರದಾಕಾರ ಇದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತ.

ತೂಕ ಮತ್ತು ಅಳತೆಯಲ್ಲಿ ಒಂದು ಎಚ್ಚರ ಬೇಕು. ನಮ್ಮಲ್ಲಿ ಒಂದೇ ಮೌಲ್ಯದ ನಾಣ್ಯ ಹಲವು ಅಳತೆಗಳಲ್ಲಿ ಓಡಾಡುತ್ತಿದೆ. 1992ರಲ್ಲಿ ಶುರುವಾದ ಸ್ಟೀಲಿನ ಒಂದು ರೂಪಾಯಿ 25 ಮಿ.ಮೀ., 4.85 ಗ್ರಾಂ. 2011ರ ಮಾದರಿ ಸುಮಾರು 22 ಮಿ.ಮೀ., 3.79 ಗ್ರಾಂ. 2019ರ ಮಾದರಿ 20 ಮಿ.ಮೀ., 3.09 ಗ್ರಾಂ. ಹಳೆಯದನ್ನು ಹೊಸದರ ಪಕ್ಕ ಇಟ್ಟು "ಇದು ಅಗಲವಾಗಿದೆ, ಕಾಲರ್ ತಪ್ಪಿ ಹೋಗಿದೆ" ಅನ್ನುವವರಿದ್ದಾರೆ. ಎರಡು ರೂಪಾಯಿಯದ್ದೂ ಇದೇ ಕಥೆ: 2011ರದ್ದು 25 ಮಿ.ಮೀ., 2019ರದ್ದು 23. ಯಾವ ಮಾದರಿ ಅಂತ ಖಚಿತ ಮಾಡಿಕೊಂಡು ಆಮೇಲೆ ಅಳೆಯಿರಿ.

ಇನ್ನು ಒಂದೊಂದೇ ತಪ್ಪು ನೋಡೋಣ.

ಚೂಪಾದ ಅಂಚು: ಫಿನ್

ಚಕ್ಕುಲಿ ಒರಳಿನಲ್ಲಿ ಹಿಟ್ಟು ತುಂಬಿ ಜೋರಾಗಿ ಒತ್ತಿದರೆ ಹಿಟ್ಟು ಕೆಳಗಿನ ತೂತಿನಿಂದ ಬರುವುದರ ಜೊತೆಗೆ ಮೇಲೆ ಹಿಡಿಯ ಸುತ್ತಲಿನ ಸಂದಿಯಿಂದಲೂ ತೆಳ್ಳಗೆ ಉಕ್ಕುತ್ತದೆ ಅಲ್ವಾ? ಇಲ್ಲಿ ಆಗುವುದೂ ಅದೇ. ಅಚ್ಚಿಗೂ ಕಾಲರ್‌ಗೂ ನಡುವೆ ಕೂದಲೆಳೆಯಷ್ಟು ಸಂದಿ ಇರುತ್ತದೆ. ಒತ್ತಡ ಜಾಸ್ತಿಯಾದರೆ, ಬಿಲ್ಲೆ ಇರಬೇಕಾದ್ದಕ್ಕಿಂತ ದಪ್ಪಗಿದ್ದರೆ, ಅಥವಾ ಸಂದಿ ಸವೆದು ಅಗಲವಾಗಿದ್ದರೆ ಲೋಹ ಅಲ್ಲಿಂದ ಮೇಲಕ್ಕೆ ನುಗ್ಗುತ್ತದೆ. ಅಂಚಿನ ಹೊರತುದಿಯಲ್ಲಿ ತೆಳ್ಳನೆಯ, ಎತ್ತರದ ಒಂದು ಏಣು ನಿಲ್ಲುತ್ತದೆ. ಇದಕ್ಕೆ ಫಿನ್ ಅಥವಾ ವೈರ್ ರಿಮ್ ಅನ್ನುತ್ತಾರೆ.

ಪತ್ತೆ ಹಚ್ಚುವುದು ಸುಲಭ. ಏಣು ಅಂಚಿನ ಕಟ್ಟಕಡೆಯಲ್ಲೇ ಇರಬೇಕು, ಒಳಬದಿಯಲ್ಲಿ ಅಲ್ಲ. ಅದರ ಹೊರಗೋಡೆ ನಾಣ್ಯದ ಬದಿಗೆ ನೇರವಾಗಿ ಮುಂದುವರಿದಿರಬೇಕು, ಯಾಕೆಂದರೆ ಎರಡನ್ನೂ ರೂಪಿಸಿದ್ದು ಅದೇ ಕಾಲರ್. ಅಡ್ಡಳತೆ ಸರಿಯಾಗಿಯೇ ಇರಬೇಕು. ಸಾಮಾನ್ಯವಾಗಿ ಇದು ಸುತ್ತಲೂ ಒಂದೇ ಎತ್ತರ ಇರುವುದಿಲ್ಲ, ಒಂದು ಕಡೆ ಏರಿ ಮೆಲ್ಲಗೆ ಇಳಿಯುತ್ತದೆ.

ಇನ್ನೊಂದು ಸೂಕ್ಷ್ಮ. ಫಿನ್ ತುಂಬಾ ತೆಳ್ಳಗಿರುವುದರಿಂದ ಬಳಕೆಗೆ ಬಂದರೆ ಬೇಗ ಮಡಚಿ, ಮುರಿದು, ಸವೆದು ಹೋಗುತ್ತದೆ. ಸಿಂಹದ ಮುಖವೆಲ್ಲ ಸವೆದು ನುಣ್ಣಗಾಗಿದೆ, ಫಿನ್ ಮಾತ್ರ ಫಳಫಳ ಚೂಪಾಗಿದೆ ಅಂದರೆ ಅದನ್ನು ನಂಬಬೇಡಿ. ಸವೆದ ನಾಣ್ಯದ ಮೇಲಿನ ಹೊಸ ಏಣು ಹೊಸದಾಗಿಯೇ ಎಬ್ಬಿಸಿದ್ದು.

ಇದು ಎಷ್ಟು ಹಳೆಯ ತಲೆನೋವು ಅಂದರೆ, ಅಮೆರಿಕದಲ್ಲಿ 1907ರಲ್ಲಿ ಶಿಲ್ಪಿ ಆಗಸ್ಟಸ್ ಸೇಂಟ್ ಗಾಡೆನ್ಸ್ ರೂಪಿಸಿದ 20 ಡಾಲರಿನ ಚಿನ್ನದ ನಾಣ್ಯದಲ್ಲೂ ಇದೇ ಕಾಟ. ಚಿತ್ರ ತುಂಬಾ ಎತ್ತರಕ್ಕೆ ಎದ್ದು ಬರಬೇಕು ಅಂತ ಒತ್ತಿದ್ದೇ ಒತ್ತಿದ್ದು, ಅಂಚಿನಲ್ಲಿ ಫಿನ್ ಎದ್ದಿತು. ಟಂಕಸಾಲೆ ಅದನ್ನು ದೋಷ ಅಂತ ನೋಡಿ ಸರಿಪಡಿಸಿತು. ಈಗ ಸಂಗ್ರಾಹಕರು ಫಿನ್ ಇರುವುದು, ಇಲ್ಲದ್ದು ಅಂತ ಎರಡನ್ನೂ ಬೇರೆ ಬೇರೆ ಬಗೆಯಾಗಿ ಎತ್ತಿಡುತ್ತಾರೆ. ನಮ್ಮ ಚಿಲ್ಲರೆ ನಾಣ್ಯದ ಫಿನ್‌ಗೆ ಅಂಥ ಮರ್ಯಾದೆ ಏನೂ ಇಲ್ಲ. ಸಿಕ್ಕರೆ ಎತ್ತಿಡಿ, ದುಡ್ಡಿನ ಕನಸು ಬೇಡ.

ಒಂದು ಕಡೆ ದಪ್ಪ, ಎದುರು ಕಡೆ ಸಣ್ಣ

ನಮ್ಮ ನಾಣ್ಯಗಳಲ್ಲಿ ಅತಿ ಹೆಚ್ಚು ಸಿಗುವುದು ಇದೇ. ಮೇಲಿನ ಅಚ್ಚು ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ, ಅಷ್ಟೇ. ಚಿತ್ರ ಒಂದು ಕಡೆ ಸರಿದು ಒಂದು ಬದಿಯ ಅಂಚು ಅಗಲವಾಗಿ, ಎದುರು ಬದಿಯದ್ದು ದಾರದಷ್ಟಾಗಿ ಕಾಣುತ್ತದೆ. ನಾಣ್ಯ ತಿರುಗಿಸಿ. ಹಿಂದಿನ ಮುಖ ನಡುವಿನಲ್ಲಿ ಸರಿಯಾಗಿ ಕೂತಿದ್ದರೆ, ನಾಣ್ಯ ದುಂಡಗೇ ಇದ್ದರೆ, ಅದು ಮಿಸ್‌ಅಲೈನ್ಡ್ ಡೈ. ಎರಡೂ ಮುಖದ ಚಿತ್ರ ಸರಿದಿದ್ದು ನಾಣ್ಯದ ಒಂದು ಭಾಗ ಖಾಲಿ ಉಳಿದಿದ್ದರೆ ಅದು ಆಫ್ ಸೆಂಟರ್. ಅಂದರೆ ಅಲ್ಲಿ ತಪ್ಪಾಗಿ ಕೂತದ್ದು ಬಿಲ್ಲೆ. ಮಾರುವವರು ಮೊದಲನೆಯದಕ್ಕೆ ಎರಡನೆಯದರ ಹೆಸರಿಟ್ಟು ಎರಡನೆಯದರ ಬೆಲೆ ಹೇಳುತ್ತಾರೆ. ಹಿಂದೆ ತಿರುಗಿಸಿ ನೋಡಿದರೆ ಮುಗಿಯಿತು.

ಬದಿಯಲ್ಲಿ ಮೆಟ್ಟಿಲು: ಪಾರ್ಷಿಯಲ್ ಕಾಲರ್

ಬಿಲ್ಲೆ ಕಾಲರ್ ಒಳಗೆ ಪೂರ್ತಿ ಇಳಿಯದೆ ಅರ್ಧ ಮಾತ್ರ ಇಳಿದಾಗಲೇ ಅಚ್ಚು ಬಿದ್ದರೆ ಏನಾಗಬೇಕು? ಒಳಗಿದ್ದ ಭಾಗ ಸರಿಯಾದ ಅಳತೆಗೆ ನಿಲ್ಲುತ್ತದೆ. ಹೊರಗುಳಿದ ಭಾಗ ಹರಡಿಕೊಳ್ಳುತ್ತದೆ. ನಾಣ್ಯವನ್ನು ಬದಿಯಿಂದ ನೋಡಿದರೆ ನಡುವೆ ಒಂದು ಮೆಟ್ಟಿಲು. ಹಲ್ಲಿರುವ ನಾಣ್ಯವಾದರೆ ಗುರುತು ಇನ್ನೂ ಸ್ಪಷ್ಟ: ಒಂದು ಮುಖದ ಕಡೆಯಿಂದ ಶುರುವಾದ ಹಲ್ಲು ಅರ್ಧಕ್ಕೆ ನಿಲ್ಲುತ್ತದೆ, ಮೇಲೆ ಬರೀ ನುಣುಪು. ಇದಕ್ಕೆ ರೈಲ್‌ರೋಡ್ ರಿಮ್ ಅನ್ನುವ ಹೆಸರೂ ಇದೆ.

ಈ ತಪ್ಪು ಮುಖದ ಫೋಟೊದಲ್ಲಿ ಬಹುತೇಕ ಗೊತ್ತೇ ಆಗುವುದಿಲ್ಲ. ಆದ್ದರಿಂದ ಚಿಲ್ಲರೆ ನೋಡುವಾಗ ನಾಣ್ಯಗಳನ್ನು ಒಂದರ ಮೇಲೊಂದು ಜೋಡಿಸಿ ಬದಿಯನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಹೊರಕ್ಕೆ ಚಾಚಿದ್ದು ಇದ್ದರೆ ಸಾಲಿನಲ್ಲಿ ತಾನಾಗಿಯೇ ಸಿಕ್ಕಿಬೀಳುತ್ತದೆ. ಮುಖ ನೋಡುತ್ತಾ ಕೂರುವುದಕ್ಕಿಂತ ಇದು ಎಷ್ಟೋ ಬೇಗ.

ಕಾಲರ್ ಪೂರ್ತಿ ಕೈಕೊಟ್ಟು ಕೆಳಗೇ ಉಳಿದರೆ ಅದು ಬ್ರಾಡ್‌ಸ್ಟ್ರೈಕ್: ಅಗಲ ಜಾಸ್ತಿ, ಬದಿಯಲ್ಲಿ ಹಲ್ಲಿಲ್ಲ, ಅಂಚು ಏಳುವ ಬದಲು ಇಳಿದು ಹರಡಿರುತ್ತದೆ. ಲೋಹ ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಇಲ್ಲಿ ಉತ್ತರ ನೇರ: ಹೊರಕ್ಕೆ ಹೋಯಿತು. ತೂಕ ಹಾಕಿ, ಒಂದು ಚೂರೂ ಕಡಿಮೆ ಇರುವುದಿಲ್ಲ. ಹತ್ತು ರೂಪಾಯಿಯಲ್ಲಿ ಹೊರಗಿನ ಉಂಗುರ, ಒಳಗಿನ ತಿರುಳು ಎರಡೂ ಬೇರೆ ಲೋಹ. ಎರಡೂ ಕಚ್ಚಿಕೊಳ್ಳುವುದು ಅಚ್ಚಿನ ಒತ್ತಡದಲ್ಲೇ. ಹಾಗಾಗಿ ಕಾಲರ್ ತಪ್ಪಿದಾಗ ತಿರುಳು ಸಡಿಲಾಗಲೂಬಹುದು. ಆದರೆ ತಿರುಳು ಹೊಡೆದು ತೆಗೆದು "ಎರರ್" ಅಂತ ಮಾರುವವರೂ ಇದ್ದಾರೆ, ಒಳಗೋಡೆಯಲ್ಲಿ ಹೊಸ ಗೀರು ಇದೆಯಾ ನೋಡಿ.

ಅಂಚಿನ ಗಡ್ಡೆ: ಕಡ್

ನಿಜವಾಗಿ ಮಜಾ ಇರುವುದು ಇದರಲ್ಲಿ. ಅಚ್ಚು ಉಕ್ಕಿನದ್ದೇ ಆದರೂ ಲಕ್ಷಗಟ್ಟಲೆ ಏಟಿಗೆ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ. ಸ್ಟೀಲ್ ನಾಣ್ಯ ಒತ್ತುವ ಅಚ್ಚಿಗೆ ಕಷ್ಟ ಇನ್ನೂ ಜಾಸ್ತಿ, ಬಿಲ್ಲೆಯೇ ಗಟ್ಟಿ. ಬಿರುಕು ಅಂಚಿನಿಂದ ಹೊರಟು ಬಳಸಿಕೊಂಡು ಮತ್ತೆ ಅಂಚಿಗೇ ಬಂದು ಸೇರಿದರೆ ಆ ತುಂಡು ಒಂದು ದಿನ ಕಳಚಿ ಬೀಳುತ್ತದೆ. ಅಚ್ಚಿನಲ್ಲಿ ಅಲ್ಲಿ ಈಗ ಹಳ್ಳ. ಮುಂದಿನ ಬಿಲ್ಲೆಯ ಲೋಹ ಆ ಹಳ್ಳಕ್ಕೆ ನುಗ್ಗಿ ಅಂಚನ್ನೂ ಪಕ್ಕದ ಚಿತ್ರವನ್ನೂ ಸೇರಿಸಿ ಒಂದು ಗಡ್ಡೆಯಾಗುತ್ತದೆ. ಅದೇ ಕಡ್.

ನನ್ನ ಹತ್ತಿರ ಇರುವ ಒಂದನ್ನೇ ತೆಗೆದುಕೊಳ್ಳಿ. 2011ರ ಮಾದರಿಯ ಒಂದು ರೂಪಾಯಿ. ಸಿಂಹದ ಮುಖ ಮೇಲಿಟ್ಟರೆ ಎಡಗಡೆ, ಹಿಂದಿಯಲ್ಲಿ ಭಾರತ ಅಂತ ಬರೆದಿರುವ ಜಾಗದಲ್ಲಿ, ಅಂಚಿಗೆ ಕಚ್ಚಿಕೊಂಡು ಗಡ್ಡೆ ಇದೆ. ಒಂದು ಅಕ್ಷರದ ಅರ್ಧ ಅದರಡಿ ಮುಳುಗಿದೆ. ಭೂತಗನ್ನಡಿಯಲ್ಲಿ ನೋಡಿದರೆ ಗಡ್ಡೆಯ ಮೇಲ್ಮೈ ಉಳಿದ ಮೈಯಷ್ಟು ಹೊಳೆಯುವುದಿಲ್ಲ, ಸ್ವಲ್ಪ ಮಂಕು, ಸ್ವಲ್ಪ ಒರಟು, ಯಾಕೆಂದರೆ ಅಲ್ಲಿಗೆ ಅಚ್ಚಿನ ಮೈ ತಾಗಿಯೇ ಇಲ್ಲ. ಒಳಗಿನ ಗಡಿ ಅಂಕುಡೊಂಕು, ಉಕ್ಕು ಮುರಿದ ಗೆರೆ ಅದು. ಆ ಗಡಿಯವರೆಗೆ ಅಕ್ಷರ ಚೊಕ್ಕವಾಗಿ ಬಂದು ಗಡ್ಡೆ ಸಿಕ್ಕ ಕೂಡಲೇ ನಿಂತುಬಿಟ್ಟಿದೆ. ಅಕ್ಷರ ಜಜ್ಜಿಲ್ಲ, ಬಾಗಿಲ್ಲ, ಒತ್ತಿಲ್ಲ.

ಈಗ ಗಡ್ಡೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಹಿಡಿತ ಬಿಡದೆ ನಾಣ್ಯ ತಿರುಗಿಸಿ. ಹಿಂದಿನ ಮುಖದಲ್ಲಿ ಬೆರಳು ಮುಟ್ಟಿರುವ ಜಾಗವೇ ನಿಮ್ಮ ಪ್ರಶ್ನೆಗೆ ಉತ್ತರ. ನನ್ನ ನಾಣ್ಯದಲ್ಲಿ ಅಲ್ಲಿ ಅಂಚು ಸೊರಗಿದೆ, ಪಕ್ಕದ ಹೂವಿನ ಎಸಳು ಅರೆಬರೆ ಮೂಡಿದೆ. ಆ ಕಡೆ ತುಂಬಬೇಕಿದ್ದ ಲೋಹ ಈ ಕಡೆಯ ಹಳ್ಳಕ್ಕೆ ಹೋಗಿದೆ. ಲೆಕ್ಕ ಕೂಡಿತು. ಕ್ಯಾಲಿಪರ್ ಇಟ್ಟು ಸುತ್ತ ಅಳೆದರೆ ಅಡ್ಡಳತೆ ಎಲ್ಲೂ ಬದಲಾಗಿಲ್ಲ, ಕಾಲರ್ ತನ್ನ ಕೆಲಸ ಮಾಡಿದೆ. ತೂಕವೂ 3.79ರ ಆಸುಪಾಸಿನಲ್ಲೇ.

ಹಿಂದಿನ ಮುಖ ಆ ಜಾಗದಲ್ಲಿ ಪೂರ್ತಿ ಗಟ್ಟಿಯಾಗಿ, ಚೂಪಾಗಿ ಮೂಡಿದ್ದರೆ? ತುಂಬಾ ಚಿಕ್ಕ ಗಡ್ಡೆಯಾದರೆ ಪರವಾಗಿಲ್ಲ, ಹಿಂದೆ ಪರಿಣಾಮ ಕಾಣದೆ ಇರಬಹುದು. ಆದರೆ ಉಗುರಿನಷ್ಟು ದೊಡ್ಡ ಗಡ್ಡೆ ಇದ್ದು ಹಿಂದೆ ಏನೂ ಆಗಿಲ್ಲ ಅಂದರೆ ಅನುಮಾನ ಪಡಿ.

ಕಡ್‌ಗೆ ಇನ್ನೊಂದು ಒಳ್ಳೆಯ ಸಾಕ್ಷಿ ಇದೆ. ತಪ್ಪು ಇರುವುದು ಅಚ್ಚಿನಲ್ಲಿ, ಒಂದು ನಾಣ್ಯದಲ್ಲಿ ಅಲ್ಲ. ಅಚ್ಚು ಬದಲಿಸುವವರೆಗೆ ಬಂದ ನಾಣ್ಯಗಳೆಲ್ಲ ಅದೇ ಗಡ್ಡೆ ಹೊತ್ತೇ ಹೊರಬಂದಿರುತ್ತವೆ. ಅದೇ ವರ್ಷ, ಅದೇ ಟಂಕಸಾಲೆ ಗುರುತು, ಅದೇ ಜಾಗ, ಅದೇ ಅಂಕುಡೊಂಕು ಗಡಿ ಇರುವ ಇನ್ನೊಂದು ಸಿಕ್ಕರೆ ಮಾತೇ ಇಲ್ಲ. ಅದಕ್ಕೂ ಹಿಂದಿನ ಹಂತ, ಅಂದರೆ ಗಡ್ಡೆ ಇಲ್ಲದೆ ಬರೀ ಎದ್ದ ಗೆರೆಯಾಗಿ ಬಿರುಕು ಕಾಣುವ ನಾಣ್ಯ, ಮುಂದೆ ತುಂಡು ಕಳಚದೆ ಸ್ವಲ್ಪ ಕುಸಿದಾಗಿನ ನಾಣ್ಯ, ಇವನ್ನು ಜೋಡಿಸಿ ಸಾಲಾಗಿ ಇಟ್ಟುಕೊಳ್ಳುವುದೇ ಒಂದು ಹವ್ಯಾಸ. ಬ್ಯಾಂಕಿನಿಂದ ಹೊಸ ನಾಣ್ಯದ ಚೀಲ ತರುವವರಿಗೆ ಇಂಥ ಜೋಡಿ ಸಿಗುವ ಸಾಧ್ಯತೆ ಜಾಸ್ತಿ, ಯಾಕೆಂದರೆ ಒಂದೇ ಪ್ರೆಸ್ಸಿನ ನಾಣ್ಯಗಳು ಅಲ್ಲಿ ಇನ್ನೂ ಒಟ್ಟಿಗಿರುತ್ತವೆ.

ಕಾಲರ್ ಕೂಡ ಹೀಗೇ ಮುರಿಯುತ್ತದೆ. ಆಗ ಗಡ್ಡೆ ಮುಖದ ಮೇಲೆ ಏಳುವುದಿಲ್ಲ, ಬದಿಯಿಂದ ಹೊರಕ್ಕೆ ಉಬ್ಬುತ್ತದೆ, ಆ ಜಾಗದಲ್ಲಿ ಮಾತ್ರ ಅಡ್ಡಳತೆ ಜಾಸ್ತಿ ಬರುತ್ತದೆ.

ಟಂಕಸಾಲೆಗೂ ಇದಕ್ಕೂ ಸಂಬಂಧವಿಲ್ಲ ಅನ್ನುವಂಥವು

ನಿಮ್ಮ ಕೈಗೆ ಬರುವ ಎದ್ದ ಅಂಚುಗಳಲ್ಲಿ ಹೆಚ್ಚಿನವು ಈ ಗುಂಪಿನವೇ, ಅದಕ್ಕೆ ಇದನ್ನು ಚೆನ್ನಾಗಿ ತಿಳಿದುಕೊಳ್ಳಿ.

ನಾಣ್ಯದ ಬದಿಗೆ ಸುತ್ತಲೂ ಮೆಲ್ಲಗೆ ಕುಟ್ಟುತ್ತಾ ಹೋದರೆ ಅಂಚು ದಪ್ಪಗಾಗಿ ಒಳಕ್ಕೆ ಸುರುಳಿ ಬೀಳುತ್ತದೆ. ಉಂಗುರ ಮಾಡಲು ಹೊರಟು ಅರ್ಧಕ್ಕೆ ಬಿಟ್ಟ ನಾಣ್ಯಗಳು ಹೀಗೆ ಇರುತ್ತವೆ. ನೋಡಲು ಎಷ್ಟು ಅಚ್ಚುಕಟ್ಟು ಅಂದರೆ ಯಾರಾದರೂ ನಂಬಬೇಕು. ಇಲ್ಲಿ ಅಂಚಿಗೆ ಬಂದ ಲೋಹ ಬದಿಯಿಂದ ಬಂದದ್ದು, ಆದ್ದರಿಂದ ಅಡ್ಡಳತೆ ಕಡಿಮೆ. ಇದನ್ನು ನೆನಪಿಡಿ: ಅಚ್ಚು ಬಿದ್ದ ನಾಣ್ಯವನ್ನು ಕಾಲರ್‌ಗಿಂತ ಚಿಕ್ಕದು ಮಾಡುವ ಶಕ್ತಿ ಪ್ರೆಸ್ಸಿಗೆ ಇಲ್ಲ. 22 ಮಿ.ಮೀ. ಇರಬೇಕಾದ್ದು 21 ಇದ್ದು ಅಂಚು ದಪ್ಪಗಿದ್ದರೆ ಅದು ಕುಟ್ಟಿದ್ದೇ. ಅಂಚಿನ ಒಳಬದಿಯ ಅಕ್ಷರಗಳ ಬುಡವೂ ಸುರುಳಿಯಡಿ ಸೇರಿರುತ್ತದೆ, ಬದಿಯ ಹಲ್ಲು ಅಳಿಸಿ ನುಣ್ಣಗಾಗಿರುತ್ತದೆ.

ಕಲ್ಲಿನ ಮೇಲೋ ಕಬ್ಬಿಣದ ಮೇಲೋ ಬಿದ್ದು ಒಂದೇ ಕಡೆ ಜಜ್ಜಿದ್ದಾದರೆ ಗುರುತು ಇನ್ನೂ ಸುಲಭ. ಏರಿದ ಲೋಹದ ಪಕ್ಕದಲ್ಲೇ ಬದಿಯಲ್ಲಿ ಒಂದು ತಗ್ಗು ಇರುತ್ತದೆ, ಅಕ್ಷರದ ಮೇಲೆ ಲೋಹ ಮಡಚಿ ಕೂತಿರುತ್ತದೆ. ಕಡ್‌ನಲ್ಲಿ ಅಕ್ಷರ ನಿಲ್ಲುತ್ತದೆ, ಜಜ್ಜಿದ್ದರಲ್ಲಿ ಅಕ್ಷರ ಬಾಗುತ್ತದೆ.

ಹಳೆಯ ಬೆಳ್ಳಿ ರೂಪಾಯಿ ಕೊಳ್ಳುವವರು ಬೇರೊಂದು ಬಲೆಗೆ ಬೀಳುತ್ತಾರೆ. ನಮ್ಮ ಕಡೆ ಬೆಳ್ಳಿ ರೂಪಾಯಿಗೆ ಕೊಂಡಿ ಬೆಸೆದು ಸರಕ್ಕೆ ಪೋಣಿಸುವುದು ರೂಢಿ. ಮುಂದೆ ಯಾವಾಗಲೋ ಕೊಂಡಿ ಕಿತ್ತು ಉಜ್ಜಿ ಮಾರುತ್ತಾರೆ. ಅಂಚಿನ ಮೇಲ್ಭಾಗದಲ್ಲಿ ಉಳಿದ ಬೆಸುಗೆಯ ಉಬ್ಬು ಥೇಟ್ ಕಡ್! ಬೆಸುಗೆಯ ಬಣ್ಣ ಮೈಯ ಬಣ್ಣಕ್ಕಿಂತ ಒಂದು ಪಟ್ಟು ಬೇರೆ, ಸುತ್ತ ಉಜ್ಜಿದ ಸಣ್ಣ ಗೀರು, ಆ ಜಾಗದಲ್ಲಿ ಬದಿಯ ಹಲ್ಲುಗಳ ನಡುವೆ ಲೋಹ ತುಂಬಿರುತ್ತದೆ. ಹಿಂದಿನ ಮುಖದಲ್ಲಿ ಸೊರಗಿದ ಜಾಗ ಇರುವುದಿಲ್ಲ, ಲೋಹ ಹೊರಗಿನಿಂದ ಬಂದದ್ದಲ್ವಾ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ. ಬಳಕೆಯಲ್ಲಿ ಸವೆದು ಕಡಿಮೆ ಬರಬಹುದು, ಜಾಸ್ತಿ ಬರಬಾರದು. ಸ್ಟೀಲ್ ನಾಣ್ಯದ ಮೇಲಿನ ಬೆಸುಗೆ ಆದರೆ ಅಯಸ್ಕಾಂತವೂ ಸಹಾಯಕ್ಕೆ ಬರುತ್ತದೆ. ನಾಣ್ಯ ಅಂಟಿಕೊಳ್ಳುತ್ತದೆ, ಗಡ್ಡೆಯ ಭಾಗ ಮಾತ್ರ ಅಷ್ಟು ಹಿಡಿಯುವುದಿಲ್ಲ.

ಅರ ಹಾಕಿ ಒಂದು ಕಡೆ ಅಂಚು ತೆಗೆದು ಇನ್ನೊಂದು ಕಡೆ ಎದ್ದಿದೆ ಅನ್ನುವಂತೆ ಮಾಡಿದ್ದೂ ಸಿಗುತ್ತದೆ. ತಕ್ಕಡಿಯಲ್ಲೇ ಸಿಕ್ಕಿಬೀಳುತ್ತದೆ: ಇಲ್ಲಿ ಹೇಳಿದ ಟಂಕಸಾಲೆ ತಪ್ಪುಗಳಲ್ಲಿ ಯಾವುದರಲ್ಲೂ ನಾಣ್ಯ ಹಗುರವಾಗಲು ಕಾರಣವಿಲ್ಲ.

ಹೋಲಿಸಿ ನೋಡಲು ನಾನೇ ಒಂದು ನಾಣ್ಯ ಕುಟ್ಟಿ ನೋಡುತ್ತೇನೆ ಅಂತ ಹೊರಡಬೇಡಿ. ನಾಣ್ಯ ಕರಗಿಸುವುದು, ನಾಶ ಮಾಡುವುದು 2011ರ ನಾಣ್ಯ ಕಾಯ್ದೆಯಡಿ ಅಪರಾಧ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ವಾಷರ್ ತಂದು ಬದಿ ಕುಟ್ಟಿ ನೋಡಿ, ಲೋಹ ಹೇಗೆ ಸುರುಳಿ ಬೀಳುತ್ತದೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ನೋಡುವ ಕ್ರಮ, ಬರೆದಿಡುವ ಕ್ರಮ

ನಾನು ಮಾಡುವುದು ಹೀಗೆ. ಮೊದಲು ಮಾದರಿ, ಇಸವಿ, ಟಂಕಸಾಲೆ ಗುರುತು. ಆಮೇಲೆ ತೂಕ. ತೂಕ ಕಡಿಮೆ ಇದ್ದರೆ ಮುಂದೆ ಹೋಗುವ ಉತ್ಸಾಹವೇ ಇಳಿಯುತ್ತದೆ. ಆಮೇಲೆ ಅಡ್ಡಳತೆ, ಒಂದೇ ಕಡೆ ಅಲ್ಲ, ತಿರುಗಿಸುತ್ತಾ ನಾಲ್ಕಾರು ಕಡೆ. ಆಮೇಲೆ ಬದಿ. ಮುಖ ನೋಡುವುದು ಕಡೆಗೆ, ಯಾಕೆಂದರೆ ಮೊದಲೇ ಮುಖ ನೋಡಿದರೆ ಮನಸ್ಸು "ಎರರ್, ಎರರ್" ಅನ್ನಲು ಶುರು ಮಾಡುತ್ತದೆ, ಉಳಿದದ್ದೆಲ್ಲ ಅದಕ್ಕೆ ತಕ್ಕ ಹಾಗೆ ಕಾಣುತ್ತದೆ. ಎರಡೂ ಮುಖ ಮತ್ತು ಬದಿ, ಮೂರೂ ಫೋಟೊ ತೆಗೆಯಿರಿ, ಪಕ್ಕದಲ್ಲಿ ಸರಿಯಾದ ನಾಣ್ಯ ಇಟ್ಟು ತೆಗೆದರೆ ಇನ್ನೂ ಒಳ್ಳೆಯದು. ಅಭಿಪ್ರಾಯ ಕೇಳುವಾಗ ಬದಿಯ ಫೋಟೊ ಇಲ್ಲದೆ ಕೇಳಿದರೆ ಗೊತ್ತಿರುವ ಯಾರೂ ಗಟ್ಟಿ ಉತ್ತರ ಕೊಡುವುದಿಲ್ಲ.

ಬೆಲೆ ವಿಷಯ. ಅಚ್ಚು ಸರಿದದ್ದು, ಸಣ್ಣ ಫಿನ್ ಇದ್ದದ್ದು ಕೈತುಂಬಾ ಸಿಗುತ್ತವೆ, ಅವಕ್ಕೆ ಮುಖಬೆಲೆಗಿಂತ ಹೆಚ್ಚು ಕೊಡುವವರು ಕಡಿಮೆ. ದೊಡ್ಡ ಕಡ್, ಚೆನ್ನಾಗಿ ಮೆಟ್ಟಿಲು ಕಾಣುವ ಪಾರ್ಷಿಯಲ್ ಕಾಲರ್, ಇಸವಿ ಉಳಿದಿರುವ ಬ್ರಾಡ್‌ಸ್ಟ್ರೈಕ್, ಇವಕ್ಕೆ ಆಸಕ್ತರಿದ್ದಾರೆ. ಲಕ್ಷ ಕೊಡುತ್ತೇವೆ, ಮೊದಲು ರಿಜಿಸ್ಟ್ರೇಷನ್ ಫೀ ಕಟ್ಟಿ ಅನ್ನುವವರ ಹತ್ತಿರ ಸುಳಿಯಬೇಡಿ. ಹಳೆಯ ನೋಟು ನಾಣ್ಯ ಕೊಳ್ಳುವ ನೆಪದಲ್ಲಿ ತನ್ನ ಹೆಸರು ಹೇಳಿ ಶುಲ್ಕ, ಕಮಿಷನ್ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅದರ ಅಧಿಕಾರ ಕೊಟ್ಟಿಲ್ಲ ಅಂತಲೂ ಹೇಳಿತ್ತು.

ಇಟ್ಟುಕೊಳ್ಳುವುದಾದರೆ ತೊಳೆಯಬೇಡಿ. ಹುಣಸೆಹಣ್ಣು, ಟೂತ್‌ಪೇಸ್ಟು, ಪೀತಾಂಬರಿ ಯಾವುದೂ ಬೇಡ. ಉಜ್ಜಿದರೆ ಗಡ್ಡೆಯ ಆ ಮಂಕು ಮೇಲ್ಮೈ ಹೋಗುತ್ತದೆ, ಅದೇ ನಿಮ್ಮ ಮುಖ್ಯ ಸಾಕ್ಷಿ. ಬದಿಯಲ್ಲಿ ಹಿಡಿದು ಎತ್ತಿ, ಆದರೆ ಫಿನ್ ಇರುವ ಕಡೆ ಬೆರಳು ಒತ್ತಬೇಡಿ, ಬಾಗಿಬಿಡುತ್ತದೆ. ಮೆತ್ತನೆಯ ಪಿವಿಸಿ ಕವರು ಕಾಲ ಕಳೆದಂತೆ ಅಂಟಂಟಾಗಿ ನಾಣ್ಯಕ್ಕೆ ಹಸಿರು ಹಿಡಿಸುತ್ತದೆ, ಅದರ ಬದಲು ಕಿಟಕಿ ಇರುವ ರಟ್ಟಿನ ಹೋಲ್ಡರ್ ತೆಗೆದುಕೊಳ್ಳಿ. ಪಾರ್ಷಿಯಲ್ ಕಾಲರ್, ಬ್ರಾಡ್‌ಸ್ಟ್ರೈಕ್ ನಾಣ್ಯಗಳಿಗೆ ಒಂದು ಅಳತೆ ದೊಡ್ಡ ಹೋಲ್ಡರ್ ಬೇಕಾಗುತ್ತದೆ. ಹೋಲ್ಡರ್ ಮೇಲೆ ತೂಕ, ಅಡ್ಡಳತೆ, ಎಲ್ಲಿ ಸಿಕ್ಕಿತು ಅನ್ನುವುದನ್ನು ಬರೆಯಿರಿ. ಹೋಲ್ಡರ್ ಮುಚ್ಚಲು ಹೊಡೆದ ಸ್ಟೇಪಲ್ ಮೊನೆಗಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರು ಬೀಳುತ್ತದೆ.